ಯಾವ ಟ್ರಿಲ್‌ಗೆ ಬರಬೇಕು

ಪಿಯಾನೊ ಮತ್ತು ವಾದ್ಯವೃಂದ ಸೇರಿ ನುಡಿಸುವ ಆ ಕಾನ್ಸರ್ಟೊದಲ್ಲಿ ಅಳಿಯನಿಗೆ ಭಯವಿದ್ದದ್ದು ಒಂದೇ ಜಾಗದಲ್ಲಿ. ಮೊದಲ ಭಾಗ ಮುಗಿಯುವ ಹೊತ್ತಿಗೆ ವಾದ್ಯವೃಂದವೆಲ್ಲ ಬಾಯಿ ಮುಚ್ಚಿ ಕೂರುತ್ತದೆ, ಪಿಯಾನೊದವರು ಒಬ್ಬರೇ ಮನಸ್ಸಿಗೆ ಬಂದಂತೆ ನುಡಿಸುತ್ತಾರೆ. ಮುಗಿಯಿತು ಅನ್ನುವುದಕ್ಕೆ ಗುರುತು ಟ್ರಿಲ್: ಅಕ್ಕಪಕ್ಕದ ಎರಡು ಕೀಗಳ ಮೇಲೆ ಎರಡು ಬೆರಳು ಬಿಡದೆ ಕುಣಿಯುವುದು. ಆಗ ನಿರ್ದೇಶಕ ಕೋಲು ಬೀಸಬೇಕು, ಎಲ್ಲರೂ ಒಟ್ಟಿಗೆ ಒಳಗೆ ಬರಬೇಕು.

ನಿರ್ದೇಶಕ ಅವನೇ. ಅವನನ್ನು ಖಾಯಂ ಮಾಡುವುದೋ ಬಿಡುವುದೋ ಈ ಕಛೇರಿ ನೋಡಿಯೇ ತೀರ್ಮಾನ. ಪಿಯಾನೊಗೆ ಕೂತವರು ಹೆಂಡತಿಯ ತಾಯಿ. ಅವರು ಒಬ್ಬರೇ ನುಡಿಸುವಾಗ ಟ್ರಿಲ್ ಒಂದಲ್ಲ, ಮೂರು ನಾಲ್ಕು.

“ನಾವು ಯಾವುದಕ್ಕೆ ಬರಬೇಕು ಅತ್ತೆ?” ಅಭ್ಯಾಸದ ದಿನ ಕೇಳಿದ್ದ.

“ಕೊನೆಯದಕ್ಕೆ.”

“ಅದೇ ಕೊನೆಯದು ಅಂತ ಹೇಗೆ ಗೊತ್ತಾಗಬೇಕು?”

“ನನ್ನ ಮಗಳ ಮಾತು ಮುಗೀತು ಅಂತ ಹೇಗೆ ಗೊತ್ತಾಗುತ್ತೆ ನಿಮಗೆ?”

“ಇವತ್ತಿನವರೆಗೂ ಗೊತ್ತಾಗಿಲ್ಲ.”

ಪಿಟೀಲಿನವರೆಲ್ಲ ನಕ್ಕರು. ಕೊನೆಗೆ ಅತ್ತೆಯೇ ದಾರಿ ತೋರಿಸಿದರು. ಎಡಗೈಯಲ್ಲಿ ಒಂದು ಮೆಲುವಾದ ಹಾಡು ಬರುತ್ತದೆ. ಅದರ ನಂತರದ ಟ್ರಿಲ್‌ಗೆ ಬನ್ನಿ, ಅಷ್ಟೇ.

ಕಛೇರಿಯಲ್ಲಿ ಮೊದಲ ಟ್ರಿಲ್ ಬಂತು, ಹೋಯಿತು. ಎರಡನೆಯದೂ ಹಾಗೆಯೇ. ಮೂರನೆಯದು ಶುರುವಾಯಿತು, ಎಡಗೈಯ ಹಾಡು ಇನ್ನೂ ಬಂದಿರಲಿಲ್ಲ. ಅವನು ಕಾದ. ಟ್ರಿಲ್ ನಿಲ್ಲಲಿಲ್ಲ. ಮೆತ್ತಗಾಯಿತು, ಜೋರಾಯಿತು, ಮತ್ತೆ ಮೆತ್ತಗಾಯಿತು. ಅತ್ತೆಗೆ ಹಾಡು ಮರೆತುಹೋಯಿತೆ? ಇಲ್ಲ, ತಾನೇ ಕೇಳಿಸಿಕೊಳ್ಳದೆ ಬಿಟ್ಟೆನೆ? ಈಗ ಬಂದರೆ, ಅವರು ಹಾಡು ಎತ್ತಿಕೊಂಡರೆ, ಸಭೆಯ ಮುಂದೆ ಮಾನ ಹರಾಜು. ಬಾರದಿದ್ದರೂ ಅದೇ. ಅತ್ತ ದರಿ, ಇತ್ತ ಪುಲಿ.

ಮುಂದಿನ ಸಾಲಿನಲ್ಲಿ ಮುಖ್ಯ ಪಿಟೀಲಿನ ಮೀಸೆಯವರು ಸದ್ದಿಲ್ಲದೆ ಕಮಾನನ್ನು ತಂತಿಯ ಮೇಲಿಟ್ಟು ಸಿದ್ಧರಾದರು. ಅವರನ್ನು ನೋಡಿ ಉಳಿದವರೂ ಇಟ್ಟರು. ಅತ್ತೆ ತಮ್ಮ ಕೈ ನೋಡುತ್ತಿರಲಿಲ್ಲ, ಅವನನ್ನೇ ನೋಡುತ್ತಿದ್ದರು. ಎರಡೂ ಕೈಯಲ್ಲಿ ಚೀಲ ಹಿಡಿದವರು ಹಿಂದೆ ಬರುವವರಿಗಾಗಿ ಕಾಲಿನಿಂದ ಬಾಗಿಲು ತೆರೆದು ಹಿಡಿದು ನಿಲ್ಲುವ ಹಾಗೆ. ಅವನು ಕಣ್ಣು ಮುಚ್ಚಿ ಕೋಲು ಬೀಸಿದ. ಎಲ್ಲರೂ ಬಂದರು. ಅತ್ತೆಯೂ ಅದೇ ಸ್ವರದ ಮೇಲೆ ಬಂದು ಇಳಿದರು.

ಕಛೇರಿ ಮುಗಿದ ಮೇಲೆ ವಾದ್ಯವೃಂದದ ಕಾರ್ಯದರ್ಶಿ ಕೈ ಕುಲುಕಿ, ನಾಳೆಯೇ ಬಂದು ಖಾಯಂ ಪತ್ರಕ್ಕೆ ಸಹಿ ಹಾಕಿ ಎಂದರು. ಅವನಿಗೆ ಸಂತೋಷಪಡಲೂ ಧೈರ್ಯ ಬರಲಿಲ್ಲ.

“ಅತ್ತೆಯವರು ದೊಡ್ಡ ಮನಸ್ಸಿನವರು,” ಮೀಸೆಯವರು ಪಿಟೀಲು ಒರೆಸುತ್ತಾ ಹೇಳಿದರು. “ಮೂರನೆಯದು ಶುರುವಾಗ್ತಿದ್ದ ಹಾಗೇ ನೀವು ಕೋಲೆತ್ತಿಬಿಟ್ರಿ. ಅದನ್ನ ನೋಡಿ ಆ ಹಾಡನ್ನೇ ನುಂಗಿಕೊಂಡ್ರು.”

“ನಾನು ಆಗಲೇ ಎತ್ತಿದ್ನಾ?”

“ಎತ್ತಲಿಲ್ವಾ?” ಈಗ ಅವರಿಗೂ ಅನುಮಾನ.

ಒಳಗಿನ ಕೋಣೆಯಲ್ಲಿ ಅತ್ತೆ ಮಣಿಕಟ್ಟು ತಿಕ್ಕುತ್ತಾ ಕೂತಿದ್ದರು. ಆ ಹಾಡು ಏನಾಯಿತೆಂದು ಕೇಳಿದ.

“ಮರೆತೇ ಹೋಯ್ತು ಅಳಿಯಂದಿರೆ. ತಲೆಯಲ್ಲಿ ಏನೂ ಇಲ್ಲ, ಬೆರಳು ಮಾತ್ರ ಆಡ್ತಾ ಇದೆ. ನೀವು ಬಂದ್ರೋ, ನಾನು ಬದುಕಿದೆ.”

“ನಿಜ ಹೇಳಿ ಅತ್ತೆ.”

“ನನ್ನ ವಯಸ್ಸಿಗೆ ಮರೆಯೋದೂ ಸುಳ್ಳಾ?”

ಯಾರು ಯಾರನ್ನು ಉಳಿಸಿದರೆಂದು ಅವನಿಗೆ ತಿಳಿಯಲಿಲ್ಲ. ಅವರ ಕೋಟು ಬಿಡಿಸಿ ಹಿಡಿದು ನಿಂತೇ ಇದ್ದ.

“ಸ್ವಲ್ಪ ಕೆಳಗೆ ಹಿಡೀರಿ,” ಅಂದರು ಅತ್ತೆ. “ಈ ಕೈ ಮೇಲಕ್ಕೇಳ್ತಿಲ್ಲ.”

ಅವನು ಬಗ್ಗಿದ.