ಮಸಿ ಸುಡುವ ಇಪ್ಪತ್ತೈದು ನಿಮಿಷ

ಎಪ್ಪತ್ತೊಂದು, ಇನ್ನೂ ಎಪ್ಪತ್ತೊಂದೇ, ಕೈಯಲ್ಲಿನ ಸ್ಕ್ಯಾನರಿನ ಪರದೆಯ ಮೇಲೆ ಮಸಿಯ ಶೇಕಡಾ ಅಂಕಿ ಕದಲುವುದಿಲ್ಲ, ಬಿಸಿ ಮಾತ್ರ ಏರುತ್ತಿದೆ, ಐನೂರ ಎಂಬತ್ತು ಡಿಗ್ರಿ, ಆರುನೂರು, ಸೈಲೆನ್ಸರಿನ ಬಾಯಿಂದ ಹೊರಡುವ ಗಾಳಿಗೆ ಗ್ಯಾರೇಜಿನ ಹಿಂದಿನ ಅಂಗಳವೇ ನೀರಿನಲ್ಲಿ ಕಂಡಂತೆ ನಡುಗುತ್ತಿದೆ, ತರಗೆಲೆಯನ್ನೆಲ್ಲ ಗುಡಿಸಿದ್ದಾಯಿತು, ಒಂದು ಬಕೆಟ್ ನೀರು ಇಟ್ಟದ್ದಾಯಿತು, ಇನ್ನು ನಿಂತು ನೋಡುವುದಷ್ಟೇ ಮೆಕ್ಯಾನಿಕ್ಕನ ಕೆಲಸ, ಅವನು ನೋಡುತ್ತಾನೆ, ಏನೂ ಅನ್ನಿಸುವುದಿಲ್ಲ. ಅಕ್ಕ ಹಳೆಯ ಟೈರಿನ ಮೇಲೆ ಕೂತಿದ್ದಾಳೆ, ಬೆಳಗಿನ ಬಿಸಿಲು ಅವಳ ಪಾದದವರೆಗೆ ಬಂದು ನಿಂತಿದೆ, ಏನೋ ಇದು ಇಷ್ಟು ಕೂಗುತ್ತೆ, ಕೂಗಲಿ ಬಿಡಕ್ಕ, ಒಳಗೆ ಮಸಿ ಸುಡ್ತಾ ಇದೆ, ಇಪ್ಪತ್ತೈದು ನಿಮಿಷ — ಡೀಸೆಲ್ ಹೊಗೆಯ ಮಸಿಯನ್ನೆಲ್ಲ ಹಿಡಿದಿಟ್ಟುಕೊಳ್ಳುವ ಜರಡಿ ಅದು, ತುಂಬುತ್ತ ಬಂದಾಗ ಗಾಡಿ ತಾನೇ ಮೈ ಕಾಯಿಸಿಕೊಂಡು ಅದನ್ನು ಸುಟ್ಟುಕೊಳ್ಳುತ್ತದೆ, ಆದರೆ ಅದಕ್ಕೆ ದೂರದ ಓಟ ಬೇಕು, ಅಕ್ಕನ ಮನೆಯಿಂದ ಆಸ್ಪತ್ರೆಗೆ ಹತ್ತೇ ನಿಮಿಷ, ವಾರಕ್ಕೆ ಮೂರು ದಿನ ಭಾವನ ರಕ್ತ ಶುದ್ಧಿ ಮಾಡಿಸಲು ಹತ್ತು ನಿಮಿಷ ಹೋಗುವುದು, ಹತ್ತು ನಿಮಿಷ ಬರುವುದು, ನಂಗೂ ನಿನ್ನ ಅಕ್ಕನ ಗಾಡಿಗೂ ಒಂದೇ ಕಾಯಿಲೆ ಕಣಯ್ಯಾ, ಇಬ್ಬರಿಗೂ ಜರಡಿ ಕಟ್ಟಿಕೊಂಡಿದೆ, ಅಂದು ಭಾವ ನಕ್ಕಿದ್ದರು, ನಗುವಾಗ ಕೊರಳಿನ ನರ ಎದ್ದು ಕಾಣುತ್ತಿತ್ತು, ಅವನೂ ನಕ್ಕಿದ್ದ.

ಅರವತ್ತೆಂಟು. ಇಳಿಯಿತು, ದೇವರು ದೊಡ್ಡವನು, ಅಂತ ಬಾಯಿ ತಾನಾಗಿ ಅಂದುಕೊಳ್ಳುತ್ತದೆ, ಮನಸ್ಸು ಜೊತೆಗೂಡುವುದಿಲ್ಲ. ಈ ಸಲ ಎಲ್ಲವನ್ನೂ ನೋಡಿದ್ದಾನೆ, ನಿಧಾನವಾಗಿ, ಪೂಜೆಗೆ ಕೂತವನ ಹಾಗೆ, ಜರಡಿಯ ಹಿಂದೆ ಮುಂದೆ ಒತ್ತಡ ಅಳೆಯುವ ಎರಡು ರಬ್ಬರ್ ನಳಿಗೆಗಳನ್ನು ಬಿಚ್ಚಿ ಊದಿ ನೋಡಿದ, ಒಂದು ಬಿರುಕು ಬಿಟ್ಟಿತ್ತು, ಬದಲಿಸಿದ, ಎಂಜಿನ್ ಎಣ್ಣೆಯ ಅಳತೆ ಕಡ್ಡಿ ಎಳೆದು ಮೂಸಿದ, ಎಣ್ಣೆಯಲ್ಲಿ ಡೀಸೆಲ್ ವಾಸನೆ, ಮಟ್ಟ ಗೆರೆ ದಾಟಿ ಮೇಲೆ ಬಂದಿದೆ, ಅರ್ಧಕ್ಕೆ ನಿಂತ ಪ್ರತಿ ಸುಡುವಿಕೆಯಲ್ಲೂ ಒಂದಿಷ್ಟು ಡೀಸೆಲ್ ಎಣ್ಣೆಗೆ ಇಳಿದಿದೆ, ಸ್ಕ್ಯಾನರಿನಲ್ಲಿ ಮುಂದಿನ ಪುಟ ತಿರುಗಿಸಿದ, ಅರ್ಧಕ್ಕೆ ನಿಂತವು ನಲವತ್ತೊಂದು. ಮುಂದಿನ ಪುಟ. ಒಂದು ಗುಂಡಿ ಒತ್ತಿದರೆ ಬರುವ ಪುಟ. ಹಿಂದೆ ಮೂರು ಸಲ ಅಕ್ಕ ಗ್ಯಾರೇಜಿನ ಗೇಟಿನ ಹತ್ತಿರ ಗಾಡಿ ನಿಲ್ಲಿಸಿದ್ದಳು, ಎಂಜಿನ್ ಓಡುತ್ತಲೇ ಇತ್ತು, ಪಕ್ಕದ ಸೀಟಿನಲ್ಲಿ ಭಾವ, ಮತ್ತೆ ಹತ್ತಿಕೊಂಡಿದೆ ನೋಡೋ ಆ ಕಿತ್ತಳೆ ದೀಪ, ಚೌಕದೊಳಗೆ ಚುಕ್ಕಿ ಚುಕ್ಕಿ, ಅಳಿಸಿಕೊಡೋ, ಆಸ್ಪತ್ರೆಗೆ ಹೊತ್ತಾಯ್ತು, ಅವನು ಸ್ಕ್ಯಾನರ್ ಚುಚ್ಚಿ, ಅಳಿಸಿ, ಬಾನೆಟ್ಟಿನ ಮೇಲೆ ಎರಡು ಸಲ ತಟ್ಟಿ ಕಳಿಸಿದ, ಅರ್ಧ ನಿಮಿಷ, ಅದೂ ಹೆಚ್ಚೇ, ಕೈಗುಣ ಅಂದ್ರೆ ನಿಂದು ಕಣಯ್ಯಾ, ಅಂದರು ಭಾವ, ಅವನಿಗೆ ಹೆಮ್ಮೆಯಾಗಿತ್ತು, ಮಸಿ ಅಲ್ಲೇ ಇತ್ತು. ನಾಲ್ಕನೆಯ ಸಲ ಅವರು ಗೇಟಿನ ಹತ್ತಿರ ಬರಲಿಲ್ಲ. ಭಾವನಿಗೆ ಏದುಸಿರು ಬರುತ್ತಿತ್ತು, ಸೇತುವೆಯ ಏರಿನಲ್ಲಿ ದೀಪ ಹೊತ್ತಿತು, ಗಾಡಿ ಶಕ್ತಿ ಬಿಟ್ಟುಕೊಟ್ಟು ನಡೆಯುವವನ ಹಾಗೆ ಹತ್ತಿತು, ಕಾಲು ಪೂರ್ತಿ ಒತ್ತಿದ್ದೆ ಕಣೋ, ಅಂದಿದ್ದಳು ಅಕ್ಕ ಆಮೇಲೆ, ಪೂರ್ತಿ, ಹಿಂದಿನವರೆಲ್ಲ ಹಾರನ್ನು, ನಿಮ್ಮ ಭಾವ ಏನು ಮಾಡಿದರು ಗೊತ್ತಾ, ಕೈ ಚಾಚಿ ಆ ದೀಪದ ಮೇಲೆ ಹೆಬ್ಬೆರಳು ಇಟ್ಟು ಮುಚ್ಚಿಬಿಟ್ಟರು, ಈಗ ಇಲ್ಲ ನೋಡು, ಓಡಿಸು, ಅಂದರು. ಆಸ್ಪತ್ರೆಯ ಬಾಗಿಲಿಗೆ ಬರುವ ಹೊತ್ತಿಗೆ ಹೆಬ್ಬೆರಳು ಜಾರಿತ್ತು. ಇನ್ನಷ್ಟು ಬೇಗ ಬಂದಿದ್ದರೆ ಅಂತ ಡಾಕ್ಟರು ಅನ್ನಲಿಲ್ಲ, ಅನ್ನಲಿಲ್ಲ ಅಂತಲೂ ಸಮಾಧಾನವಿಲ್ಲ. ಭಾವ ಹೋಗಿ ಇಪ್ಪತ್ತು ದಿನವಾಯಿತು. ಈ ಗಾಡಿಯಲ್ಲಿ ಮೀಟರು ಡ್ಯಾಶ್‌ಬೋರ್ಡಿನ ನಡುಮಧ್ಯದಲ್ಲಿದೆ, ಗಾಜಿನ ಮೇಲೆ ಆ ಹೆಬ್ಬೆರಳಿನ ಗುರುತು ಈಗಲೂ ಇದೆ, ಸುಳಿ ಸುಳಿಯಾಗಿ, ಬೆವರಿನದು, ಗಿರಾಕಿಗೆ ಗಾಡಿ ಒಪ್ಪಿಸುವ ಮುಂಚೆ ಗಾಜು ಒರೆಸದೆ ಬಿಟ್ಟವನಲ್ಲ ಅವನು, ಬಟ್ಟೆ ಹೆಗಲ ಮೇಲಿದೆ, ಒರೆಸಿಲ್ಲ.

ಹದಿನಾಲ್ಕು, ಒಂಬತ್ತು, ಬೇಗ ಬೇಗ ಇಳಿಯುತ್ತಿದೆ, ನಾಲ್ಕು, ಫ್ಯಾನಿನ ಕೂಗು ತಗ್ಗಿತು, ಎಂಜಿನ್ ಬಂದ್ ಮಾಡಿದ, ಅಂಗಳ ಒಮ್ಮೆಲೇ ದೊಡ್ಡದಾದಂತೆ ಆಯಿತು, ಕಾದ ತಗಡು ಟಿಕ್ ಟಿಕ್ ಅನ್ನುತ್ತಿದೆ. ಎಣ್ಣೆ ಬದಲಿಸಿದ, ಕೊನೆಯ ಬೋಲ್ಟು ಬಿಗಿಯಾದ ಮೇಲೆ ಅಕ್ಕ ಎದ್ದು ಬಂದಳು, ಒಂದು ಮಾತು ಕೇಳ್ತೀನಿ, ಸತ್ಯ ಹೇಳು, ಇದೇ ಕೂಗು ಕಣೋ, ಮನೆ ಮುಂದೆ ನಿಲ್ಲಿಸಿದಾಗೆಲ್ಲ ಹೀಗೇ ಕೂಗ್ತಿತ್ತು, ಅವರು ಸೀಟಲ್ಲೇ ನಿದ್ದೆ ಹೋಗಿರೋರು, ಎದ್ದುಬಿಡ್ತಾರೆ ಅಂತ ಕೀಲಿ ತಿರುಗಿಸಿ ಬಂದ್ ಮಾಡಿಬಿಡ್ತಿದ್ದೆ, ಅದಕ್ಕೇ ಕಟ್ಟಿಕೊಂಡಿದ್ದಾ, ನಾನೇ ಮಾಡಿದ್ದಾ? ನಲವತ್ತೊಂದು. ನಲವತ್ತೊಂದು ಸಲ ಗಂಡನ ನಿದ್ದೆ ಕಾದಿದ್ದಾಳೆ. ಹೌದು ಅಂದರೆ ಅರ್ಧ ಸತ್ಯ, ಇಲ್ಲ ಅಂದರೆ ಅರ್ಧ ಸುಳ್ಳು, ಸುಮ್ಮನಿದ್ದರೆ ಅವಳು ಇದನ್ನು ಹೊತ್ತುಕೊಂಡೇ ಮನೆಗೆ ಹೋಗುತ್ತಾಳೆ, ಭಗವಂತಾ, ನಾಲಿಗೆ ಮರದ ತುಂಡಿನ ಹಾಗಿದೆ, ಆದರೂ ಅದು ಹೊರಳುತ್ತದೆ, ಅಕ್ಕಾ, ದೀಪ ಹತ್ತಿದ್ದು ನನಗೆ ಹೇಳೋಕೇ ಅಲ್ವಾ, ಮೂರು ಸಲ ಹೇಳ್ತು, ಮೂರು ಸಲಾನೂ ಅಳಿಸಿ ಕಳಿಸಿದೆ, ಒಂದು ಸಲವೂ ಒಳಗೆ ನೋಡಲಿಲ್ಲ, ನೀನಲ್ಲ, ನಾನು. ಅಕ್ಕ ಅವನನ್ನು ದಾಟಿ ಹೋಗಿ ಸೀಟಿನಲ್ಲಿ ಕೂತಳು, ಬಾಗಿಲು ತೆರೆದೇ ಇದೆ, ಅವನು ಪಕ್ಕಕ್ಕೆ ಬಂದು ನಿಂತ, ಕೀಲಿ ಅರ್ಧ ತಿರುಗಿಸಿದಳು, ಶುರುವಿನಲ್ಲಿ ಎಲ್ಲ ದೀಪಗಳೂ ಒಮ್ಮೆ ಹೊತ್ತುತ್ತವೆ, ಪ್ರತಿ ಗಾಡಿಯಲ್ಲೂ ಹಾಗೇ, ಹೆದರಬೇಡ ಅನ್ನುವಷ್ಟರಲ್ಲಿ ಚೌಕದೊಳಗಿನ ಚುಕ್ಕಿಗಳೂ ಹೊತ್ತಿದವು, ಗಾಜಿನ ಮೇಲಿನ ಹೆಬ್ಬೆರಳು ಸುಳಿ ಸುಳಿಯಾಗಿ ಕಿತ್ತಳೆ ಬಣ್ಣದಲ್ಲಿ ಬೆಳಗಿತು, ಒಂದು, ಎರಡು, ದೀಪ ಆರಿತು, ಅವಳ ಕೈ ಅವನ ಹೆಗಲ ಬಟ್ಟೆಯ ಕಡೆಗೆ ಬಂದು ಅರ್ಧದಲ್ಲೇ ನಿಂತಿತು, ಗಾಜಿನ ಮೇಲೆ ಆ ಹೆಬ್ಬೆರಳು, ಏನನ್ನೂ ಮುಚ್ಚದೆ, ಆ ಹೆಬ್ಬೆರಳು —