ಮೊದಲು ಬಂದ ಜವಾಬು

ನಮ್ಮ ಐಗಳಿಯ ಹೊಳೆವ್ವನ ಹೊಟ್ಟೆಕಿಚ್ಚಿಗೆ ಮದ್ದಿರಲಿಲ್ಲ. ಅವಳು ಹಾಡುವಾಗ ಹಿಂದೆ ಒಂಟಿ ತಂತಿಯ ತುಂತುಣಿ ಹಿಡಿದು ನಿಲ್ಲುತ್ತಿದ್ದವನು ನಾನು. ಆ ಕಿಚ್ಚಿನ ಬಿಸಿ ಮೊದಲು ತಾಗುತ್ತಿದ್ದುದೂ ನನಗೇ.

ಸವಾಲು-ಜವಾಬಿನ ಹಾಡಿನಲ್ಲಿ ಅವಳದು ನಾಗೇಶಿ ಪಕ್ಷ, ಹೆಣ್ಣೇ ಹೆಚ್ಚು ಎಂದು ಹಾಡುವವಳು. ಐನಾಪುರದ ದುಂಡೇಶನದು ಹರದೇಶಿ ಪಕ್ಷ, ಗಂಡೇ ಹೆಚ್ಚು ಎನ್ನುವವನು. ಒಬ್ಬರು ಸವಾಲು ಹಾಕಿದರೆ ಇನ್ನೊಬ್ಬರು ಜವಾಬು ಕೊಡಬೇಕು. ಯಾರ ಮಾತಿಗೆ ಎದುರು ಮಾತು ಬರುವುದಿಲ್ಲವೋ ಅವರು ಗೆದ್ದಂತೆ. ಇಬ್ಬರ ಹಾಡನ್ನೂ ಕೂಡಿಸಿ ಅಥಣಿಯ ಕ್ಯಾಸೆಟ್ ಅಂಗಡಿಯ ಬಾಳಾಸಾಬ ಒಂದು ಕ್ಯಾಸೆಟ್ ಹೊರತಂದಿದ್ದ. ಎ ಸೈಡಿನಲ್ಲಿ ದುಂಡೇಶನ ಸವಾಲು: 'ಬೀಜ ಇಲ್ಲದ ಬೆಳಿ ಎಲ್ಲೈತಿ ಹೇಳ?' ಬಿ ಸೈಡಿನಲ್ಲಿ ಹೊಳೆವ್ವನ ಜವಾಬು: 'ಮಣ್ಣ ಇಲ್ಲದ ಬೀಜ ಎಲ್ಲಿ ಬಿತ್ತತಿ ಹೇಳ?'

ಕ್ಯಾಸೆಟ್ ಚೆನ್ನಾಗಿ ಓಡಿತು. ಆದರೆ ಜನ ಅದನ್ನು 'ದುಂಡೇಶನ ಕ್ಯಾಸೆಟ್' ಎಂದು ಕರೆದರು. ಅಷ್ಟೇ ಸಾಕಾಯಿತು. ಚಹಾದಂಗಡಿಯಲ್ಲಿ ಎ ಸೈಡು ಮುಗಿದು, ತಿರುವಿ ಹಾಕಲು ಯಾರಾದರೂ ತಡಮಾಡಿದರೆ ಹೊಳೆವ್ವ ಉರಿದುಬೀಳುತ್ತಿದ್ದಳು.

"ಅಂವಾ ಒದರಿ ಮುಗಿಸೋತನಕಾ ನಾ ಯಾಕ ಕಾಯಬೇಕೋ? ಅವನ ದನಿಗೇನ ಬಂಗಾರ ಹಚ್ಚೈತೇನು?"

ಕೆಲವು ವರ್ಷಗಳಲ್ಲಿ ಸಿಡಿ ಬಂತು. ಬಾಳಾಸಾಬ ಹಳೆಯ ಹಾಡುಗಳನ್ನೇ ಸಿಡಿಗೆ ಹಾಕುತ್ತಿದ್ದಾನೆಂದು ತಿಳಿದದ್ದೇ ತಡ, ಹೊಳೆವ್ವ ನನ್ನನ್ನೂ ಎಳೆದುಕೊಂಡು ಅಥಣಿಗೆ ಹೋದಳು.

"ಇದಕ್ಕೂ ಸೈಡ್ ಅದಾವೇನು?"

"ಇಲ್ಲಕ್ಕಾ. ಒಂದರ ಹಿಂದ ಒಂದ ಬರತಾವ," ಎಂದ ಬಾಳಾಸಾಬ.

"ಹಂಗಾರ ನಂದ ಮೊದಲ ಹಾಕು. ಇಲ್ಲಾಂದ್ರ ನನ್ನ ಹಾಡ ತಗದಬಿಡು."

"ಅಕ್ಕಾ, ಸವಾಲಿಗಿಂತ ಜವಾಬ ಮೊದಲ ಬಂದ್ರ ಹೆಂಗ?" ಎಂದೆ ನಾನು.

"ನೀ ತುಂತುಣಿ ಬಾರಸು. ತೆಲಿ ಓಡಸಬ್ಯಾಡ."

ಬಾಳಾಸಾಬ ದುಂಡೇಶನಿಗೆ ಫೋನು ಹಚ್ಚಿದ. ಆ ಕಡೆಯಿಂದ ನಗು ಕೇಳಿಸಿತು. "ಇರ್ಲಿ ಬಿಡ್ರಿ. ಅಕ್ಕಂದ ಮೊದಲ ಬರ್ಲಿ." ಇಷ್ಟು ಸಲೀಸಾಗಿ ಒಪ್ಪಿದ್ದಕ್ಕೂ ಹೊಳೆವ್ವನಿಗೆ ಸಿಟ್ಟೇ ಬಂತು. ಅವನು ಹೊಟ್ಟೆ ಉರಿದುಕೊಳ್ಳುವುದನ್ನು ನೋಡುವ ಆಸೆ ಅವಳದು.

ಆ ಸಲದ ಕಬ್ಬಿನ ಹಂಗಾಮಿನಲ್ಲಿ ಶೇಡಬಾಳದಲ್ಲಿ ಚಹಾ ಕುಡಿಯುತ್ತ ಕೂತಿದ್ದೆವು. ಕಬ್ಬು ಹೇರಿದ ಟ್ರ್ಯಾಕ್ಟರೊಂದು ಬಂದು ನಿಂತಿತು. ಅದರಲ್ಲಿ ಅದೇ ಸಿಡಿ, ಹೊಳೆವ್ವನ ಹಾಡು. ಅವಳು ಸೆರಗು ಸರಿಮಾಡಿಕೊಂಡು ಸುತ್ತ ನೋಡಿದಳು. ಅವಳ ಹಾಡು ಮುಗಿದು ದುಂಡೇಶ ಶುರುಮಾಡಿದ. ಅವನೂ ಮುಗಿಸಿದ. ಸಿಡಿ ನಿಂತಿತು.

"ಲೈ ಭಾರೀ!" ಎಂದ ಡ್ರೈವರ್, ನಮ್ಮ ಗುರುತಿಲ್ಲದವನು. "ಮಣ್ಣ ಮಣ್ಣ ಅಂತ ಹಾರ್‍ಯಾಡಿದಳು. ಬೀಜ ಇಲ್ಲದ ಬೆಳಿ ಎಲ್ಲೈತಿ ಅಂತ ಅಂವಾ ಕೇಳಿದ ಮ್ಯಾಲ ಬಾಯಿನ ಬಿಡಲಿಲ್ಲ ನೋಡ್ರಿ. ಸೋತಳು ಆಕಿ!"

ಹೊಳೆವ್ವ ಚಹಾ ಅಲ್ಲೇ ಇಟ್ಟು ಡ್ರೈವರನ ಕಡೆ ತಿರುಗಿದಳು.

"ತಮ್ಮಾ, ಇನ್ನೊಮ್ಮೆ ಮೊದಲಿಂದ ಹಚ್ಚೋ. ಜವಾಬ ಮೊದಲಿಗೈತಿ."

"ಕೇಳೇನ ಬಿಡಬೇ ಆಯಿ. ಗೆದ್ದವನ ಹಾಡ ಹಚ್ಚತೇನಿ," ಎಂದು ಅವನು ದುಂಡೇಶನದನ್ನೇ ಮತ್ತೆ ಹಚ್ಚಿ, ಟ್ರ್ಯಾಕ್ಟರ್ ಹೊರಡಿಸಿದ.

ಹೊಳೆವ್ವ ರಸ್ತೆಗೆ ಓಡಿದಳು. ಹೋಗುತ್ತಿದ್ದ ಕಬ್ಬಿನ ಹೇರಿನ ಹಿಂದೆ ನಿಂತು, ಕಿವಿಗೆ ಕೈ ಹಚ್ಚಿ, ಗಂಟಲು ಹರಿಯುವಂತೆ ಜವಾಬು ಎತ್ತಿದಳು. ದುಂಡೇಶನ ದನಿ ಕಾಗವಾಡದ ಕಡೆ ದೂರವಾಗುತ್ತ ಹೋಯಿತು. ನನ್ನ ಹತ್ತಿರ ಅವತ್ತು ತುಂತುಣಿಯೂ ಇರಲಿಲ್ಲ.