ಕೊನೆಯ ಸೀಟಿನವರೆಗೆ

ಹಾಲಿನ ಅಂಗಡಿ ನಮ್ಮ ಬೀದಿಯ ತುದಿಯಲ್ಲೇ ಇದೆ. ಆದರೂ ಮೆಲ್ಲಣ್ಣ ಹಿಂದಿನ ಗಲ್ಲಿ ಸುತ್ತಿ, ಮೋರಿ ದಾಟಿ, ಗೋಡೆಯ ಪಕ್ಕದಲ್ಲಿ ಹೋಗಿ ಹಾಲು ತರುತ್ತಿದ್ದ. ನೆಟ್ಟಗೆ ಹೋದರೆ ದಾರಿಯಲ್ಲಿ ಹಸಿರು ಗೇಟಿನ ಮನೆ ಸಿಗುತ್ತದೆ. ಆ ಮನೆಯ ಮುಂದೆ ಹೋಗಲು ಅವನಿಗೆ ಮುಖವಿರಲಿಲ್ಲ.

ಅವನು ಶಾಲೆಯ ವ್ಯಾನ್ ಓಡಿಸುತ್ತಿದ್ದವನು. ಹಳ್ಳ ಬಂದರೆ ಗಾಡಿಯನ್ನು ತೊಟ್ಟಿಲು ಇಳಿಸಿದ ಹಾಗೆ ಇಳಿಸುತ್ತಿದ್ದ. ಮೆಲ್ಲಣ್ಣ ಎಂಬುದು ಮಕ್ಕಳೇ ಇಟ್ಟ ಹೆಸರು. ಒಂದು ಬೆಳಿಗ್ಗೆ ಎಲ್ಲರೂ ಇಳಿದರೆಂದುಕೊಂಡು ಗಾಡಿಗೆ ಬೀಗ ಹಾಕಿ ಮನೆಗೆ ಬಂದ. ಹಸಿರು ಗೇಟಿನ ಮನೆಯ ಪುಟ್ಟಿ ಕೊನೆಯ ಸೀಟಿನಲ್ಲಿ ನಿದ್ದೆ ಹೋಗಿತ್ತು. ಶಾಲೆಯ ಕಾವಲುಗಾರನಿಗೆ ಅಳು ಕೇಳಿಸಿದ್ದರಿಂದ ಮಗು ಉಳಿಯಿತು. ಬೆವರಲ್ಲಿ ತೊಯ್ದು ಬಿಕ್ಕುತ್ತಿದ್ದ ಅದು, ಎತ್ತಿಕೊಂಡವರ ಕಾಲರನ್ನು ಸಂಜೆಯವರೆಗೂ ಬಿಡಲಿಲ್ಲವಂತೆ. ಅದೇ ದಿನ ಶಾಲೆಯವರು ಮೆಲ್ಲಣ್ಣನನ್ನು ತೆಗೆದರು. "ತೆಗೆದದ್ದು ಸರಿ" ಎಂದು ಅವನೇ ಹೇಳಿದ.

ಆಮೇಲೆ ಎರಡು ಕಡೆ ಸಂದರ್ಶನಕ್ಕೆ ಹೋದ. ಹಳೆಯ ಕೆಲಸ ಯಾಕೆ ಬಿಟ್ಟೆ ಎಂದು ಕೇಳಿದರೆ ಒಂದು ಕಡೆ "ಸಂಬಳ ಸಾಲಲಿಲ್ಲ" ಎಂದ. ಇನ್ನೊಂದು ಕಡೆ "ಗಾಡಿ ಮಾರಿಬಿಟ್ರು" ಎಂದ. ಅಲ್ಲಿಯವರು, "ಹಾಗಾದ್ರೆ ಆ ಶಾಲೆಯ ಫೋನ್ ನಂಬರ್ ಕೊಡು" ಎಂದರು. "ನೀರು ಕುಡಿದು ಬರ್ತೀನಿ ಸರ್" ಎಂದು ಎದ್ದವನು ತಿರುಗಿ ಒಳಗೆ ಹೋಗಲೇ ಇಲ್ಲ. ಲೈಸೆನ್ಸ್ ಮೇಜಿನ ಮೇಲೇ ಉಳಿಯಿತು. ಅದನ್ನು ಹೆಂಡತಿ ಹೋಗಿ ಕೇಳಿ ತರಬೇಕಾಯಿತು.

ಮನೆ ನಡೆಯುತ್ತಿದ್ದುದು ಅವಳ ಹೊಲಿಗೆಯಿಂದ. ಇವನಿಗೆ ಕೆಲಸ ಸಿಗದಿದ್ದರೆ ಮಗಳು ಓದು ಬಿಟ್ಟು ಅಮ್ಮನ ಪಕ್ಕದಲ್ಲಿ ಮಿಷನ್ನಿಗೆ ಕೂರುವುದೆಂದು ಮಾತಾಗಿತ್ತು.

ಆಗ ಬಂದವರು ಪಕ್ಕದ ಮನೆಯ ನರ್ಸಮ್ಮ, ಈಗ ನಿವೃತ್ತರು. ಆಸ್ಪತ್ರೆಯಲ್ಲಿದ್ದಾಗ ವಾರ್ಡಿನ ಕೆಲಸಕ್ಕೆ ಜನರನ್ನು ಆರಿಸಲು ಮೇಜಿನ ಆಚೆ ಕೂರುತ್ತಿದ್ದವರು.

"ವಯಸ್ಸಾದವರ ಹಗಲು ಮನೆಗೆ ವ್ಯಾನ್ ಡ್ರೈವರ್ ಬೇಕಂತೆ. ಬೆಳಿಗ್ಗೆ ಕರ್ಕೊಂಡು ಬರೋದು, ಸಾಯಂಕಾಲ ಬಿಡೋದು. ಗುರುವಾರ ಸಂದರ್ಶನ. ಹೋಗಪ್ಪಾ."

"ನನ್ನ ಕೈಗೆ ಇನ್ಯಾರು ಜನಾನ ಒಪ್ಪಿಸ್ತಾರೆ ನರ್ಸಮ್ಮ?"

ಹೆಂಡತಿ ಮಿಷನ್ ನಿಲ್ಲಿಸದೆ ಹೇಳಿದಳು: "ಈ ಸಲನಾದ್ರೂ ನೆಟ್ಟಗೆ ಸುಳ್ಳು ಹೇಳ್ಲಿ. ಅದೂ ಬರಲ್ಲ ಇವರಿಗೆ. ಬಾಯಿ ತೆಗೆಯೋ ಮುಂಚೆ ಕಿವಿ ಕೆಂಪಗಾಗತ್ತೆ."

"ಅವರು ಶಾಲೆಗೆ ಫೋನ್ ಮಾಡಿದ್ರೆ?" ಎಂದರು ನರ್ಸಮ್ಮ.

"ನಿಜ ಹೇಳಿದ್ರೆ ಫೋನೂ ಬೇಡ, ನಿಂತ ನಿಲುವಲ್ಲೇ ಕಳಿಸ್ತಾರೆ! ಯಾರಾದ್ರೂ ತಮ್ಮ ಕಾಲ ಮೇಲೆ ತಾವೇ ಕಲ್ಲು ಎತ್ತಿ ಹಾಕ್ಕೋತಾರಾ?"

"ನಿಜ ಹೇಳಿದ್ರೆ ಕಳಿಸಬಹುದು ಕಣಮ್ಮ. ಸುಳ್ಳು ಸಿಕ್ಕಿಬಿದ್ರೆ ಕಳಿಸೇ ಕಳಿಸ್ತಾರೆ. ನಾನೇ ಕಳಿಸಿದ್ದೀನಿ. ಬಾ, ಈ ಸ್ಟೂಲ್ ಮೇಲೆ ಕೂತ್ಕೋ. ನೀನೇ ಆಫೀಸರು. ಕೇಳು."

ಹೆಂಡತಿ ಸೆರಗು ಸರಿಮಾಡಿಕೊಂಡು ಕುಳಿತಳು. ಗಂಟಲು ಸರಿಮಾಡಿಕೊಂಡಳು. "ನಿನ್ನೆ ಗ್ಯಾಸ್ ತರೋಕೆ ಹೇಳಿದ್ನಲ್ಲ, ಯಾಕೆ ತರಲಿಲ್ಲ?"

"ಅದು ಮನೆ ಪ್ರಶ್ನೆ. ಆಫೀಸಿನ ಪ್ರಶ್ನೆ ಕೇಳಮ್ಮಾ!"

ಮೂವರೂ ನಕ್ಕರು. ಮೆಲ್ಲಣ್ಣ ನಕ್ಕಿದ್ದನ್ನು ಬಹಳ ದಿನದ ಮೇಲೆ ನೋಡಿದೆ ಎಂದು ಹೆಂಡತಿಗೆ ಅನ್ನಿಸಿರಬೇಕು. ಅವಳ ದನಿ ಇಳಿಯಿತು.

"ಹಳೇ ಕೆಲಸ ಯಾಕೆ ಬಿಟ್ರಿ?"

ಅವನು ನೆಲ ನೋಡಿದ. "ಮಕ್ಕಳನ್ನ ಇಳಿಸೋ ಆಯಾ ಅವತ್ತು ಬಂದಿರಲಿಲ್ಲ. ಅದಕ್ಕೆ..."

"ಆಯಾನ ಬಿಡು," ಎಂದರು ನರ್ಸಮ್ಮ. "ಅವಳೇನು ಸಂದರ್ಶನಕ್ಕೆ ಬರ್ತಿಲ್ಲ. ಏನಾಯ್ತು ಹೇಳು. ನಿನ್ನ ತಪ್ಪು ಎಷ್ಟು ಹೇಳು. ಈಗ ಏನು ಮಾಡ್ತೀಯ ಹೇಳು. ಅಷ್ಟೇ. ಅಳಬೇಡ, ಪುರಾಣ ಬೇಡ, ಬೇರೆಯವರನ್ನ ದೂರಬೇಡ."

"ಈಗ ಏನು ಮಾಡ್ತೀನಿ? ಕೆಲಸಾನೇ ಇಲ್ವಲ್ಲ."

ಹೆಂಡತಿ ಫಕ್ಕನೆ ಹೇಳಿದಳು: "ಯಾಕೆ, ಬಸ್ಸಿಂದ ಇಳಿಯೋವಾಗ ಎಲ್ಲರನ್ನೂ ತಳ್ಳಿಕೊಂಡು ಹಿಂದೆ ಹೋಗಿ ಸೀಟು ಬಗ್ಗಿ ನೋಡ್ತೀರಲ್ಲ! ಜನ ಏನೋ ಕಳ್ಕೊಂಡಿದ್ದಾನೆ ಅಂತ ತಾವೂ ಹುಡುಕ್ತಾರೆ. ನನಗೆ ಮಾನ ಹೋದಂಗಾಗತ್ತೆ."

"ಅದನ್ನೇ ಹೇಳು," ಎಂದರು ನರ್ಸಮ್ಮ.

ಆ ವಾರವೆಲ್ಲ ಊಟವಾದ ಮೇಲೆ ಗಂಡ ಹೆಂಡತಿ ಸ್ಟೂಲ್ ಹಾಕಿಕೊಂಡು ಎದುರುಬದುರು ಕೂತರು. ಮೊದಮೊದಲು ಪುಟ್ಟಿಯ ಮಾತು ಬಂದಲ್ಲಿ ಅವನು ನೀರು ಕುಡಿಯುವ ನೆಪದಲ್ಲಿ ಎದ್ದು ಹೋಗುತ್ತಿದ್ದ. ಹೇಳಿ ಹೇಳಿ ಮಾತು ಪೂರ್ತಿಯಾಗತೊಡಗಿತು. ಬುಧವಾರ ಹೋಗಿ ಹಗಲು ಮನೆಯ ದಾರಿ ನೋಡಿಕೊಂಡು ಬಂದ. ಲೈಸೆನ್ಸು, ವಿಳಾಸದ ದಾಖಲೆ, ಎಲ್ಲದರ ನಕಲು ಒಂದು ಚೀಲಕ್ಕೆ ಹಾಕಿಟ್ಟ. "ನೀನೂ ಒಂದು ಪ್ರಶ್ನೆ ಕೇಳು, ಸುಮ್ಮನೆ ಎದ್ದು ಬರಬೇಡ" ಎಂದು ನರ್ಸಮ್ಮ ಹೇಳಿಕೊಟ್ಟರು.

ಗುರುವಾರ ಮೇಜಿನ ಆಚೆ ಒಬ್ಬರು ಮೇಲ್ವಿಚಾರಕಿ, ಪಕ್ಕದಲ್ಲಿ ಗಾಡಿ ನೋಡಿಕೊಳ್ಳುವ ಹಿರಿಯ ಮೆಕ್ಯಾನಿಕ್. ಆ ಪ್ರಶ್ನೆ ಬಂದೇ ಬಂತು.

"ಒಂದು ಮಗು ಗಾಡಿಯಲ್ಲಿ ಮಲಗಿತ್ತು ಮೇಡಂ. ನಾನು ಹಿಂದಿನ ಸೀಟು ನೋಡದೆ ಬೀಗ ಹಾಕಿದೆ. ನೋಡಬೇಕಾದದ್ದು ನಾನೇ. ಮಗು ಉಳೀತು, ಅದು ನನ್ನಿಂದಲ್ಲ. ಈಗ ಯಾವ ಗಾಡಿಯಿಂದ ಇಳಿದ್ರೂ ಕೊನೇ ಸೀಟಿನವರೆಗೆ ಹೋಗಿ ನೋಡ್ತೀನಿ."

ಕಿವಿ ಸುಡುತ್ತಿತ್ತು. ಆದರೂ ಈ ಸಲ ನೀರು ಕೇಳಲಿಲ್ಲ. ಮೇಲ್ವಿಚಾರಕಿ ಬರೆದುಕೊಂಡರು. ಅವನು ತನ್ನ ಪ್ರಶ್ನೆ ಕೇಳಿದ: "ಗಾಲಿಕುರ್ಚಿಯಲ್ಲಿ ಬರೋರು ಇದ್ದಾರಾ ಮೇಡಂ? ಅವರನ್ನ ಹತ್ತಿಸೋದು ನಾನು ಕಲೀಬೇಕಾಗತ್ತೆ."

"ನಡಿ, ಓಡಿಸಿ ತೋರಿಸು" ಎಂದು ಮೆಕ್ಯಾನಿಕ್ ಎದ್ದರು.

ಇಬ್ಬರನ್ನೂ ಕೂರಿಸಿಕೊಂಡು ಒಂದು ಸುತ್ತು ಹೋಗಿ ಬಂದ. ಅವರು ಇಳಿದರು. ಮೆಕ್ಯಾನಿಕ್ ಬೀಗದ ಕೈಗೆ ಕೈ ಚಾಚಿದರು. "ಒಂದ್ನಿಮಿಷ ಸರ್" ಎಂದವನೇ ಮೆಲ್ಲಣ್ಣ ಒಳಗೆ ಹೋಗಿ, ಒಂದೊಂದು ಸೀಟನ್ನೂ ಬಗ್ಗಿ ನೋಡುತ್ತಾ ಹಿಂದಿನವರೆಗೆ ನಡೆದ. ಅವರಿಬ್ಬರೂ ಬಿಸಿಲಲ್ಲಿ ನಿಂತಿದ್ದರು.

"ಏನಯ್ಯಾ, ಹತ್ತಿದ್ದು ನಾವಿಬ್ಬರೇ ತಾನೇ?"

"ಹೌದು ಸರ್. ಅವತ್ತೂ ಎಲ್ಲರೂ ಇಳಿದ್ರು ಅಂತಾನೇ ಅಂದ್ಕೊಂಡಿದ್ದೆ."

ಮೆಕ್ಯಾನಿಕ್ ಬೀಗದ ಕೈ ತೆಗೆದುಕೊಂಡರು. ಮೇಲ್ವಿಚಾರಕಿ ಶಾಲೆಯ ನಂಬರ್ ಕೇಳಿದರು. ಅವನು ಕೊಟ್ಟ.

ಸೋಮವಾರ ಫೋನ್ ಬಂತು. "ನೀವು ಹೇಳಿದ್ದಕ್ಕೂ ಶಾಲೆಯವರು ಹೇಳಿದ್ದಕ್ಕೂ ವ್ಯತ್ಯಾಸ ಇರಲಿಲ್ಲ. ಮೊದಲು ಮೂರು ತಿಂಗಳು ನೋಡ್ತೀವಿ. ನಾಳೆ ಬನ್ನಿ."

ಹೆಂಡತಿ ಮಿಷನ್ ನಿಲ್ಲಿಸಿದಳು. ಪಕ್ಕದಲ್ಲಿ ಗುಂಡಿ ಹೊಲಿಯುತ್ತಿದ್ದ ಮಗಳ ಕೈಯಿಂದ ಬಟ್ಟೆ ಕಿತ್ತುಕೊಂಡು, "ಹೋಗು, ಓದ್ಕೋ ಹೋಗು" ಎಂದು ಗದರಿದಳು. ಆಮೇಲೆ ಗಂಡನಿಗೆ, "ಬಸ್ಸಲ್ಲಿ ನೋಡ್ಕೊಳ್ಳಿ. ನಾನಿನ್ನು ಏನೂ ಅನ್ನಲ್ಲ" ಎಂದಳು.

ಮಾರನೆಯ ಬೆಳಿಗ್ಗೆ ಮೆಲ್ಲಣ್ಣ ಹಾಲಿಗೆ ನೆಟ್ಟಗೆ ಹೋದ. ಹಸಿರು ಗೇಟಿನ ಹತ್ತಿರ ಕಾಲು ನಿಂತಿತು. ಪುಟ್ಟಿ ಅಮ್ಮನ ಕೈ ಹಿಡಿದು ಶಾಲೆಗೆ ಹೊರಟಿತ್ತು. "ಮೆಲ್ಲಣ್ಣ, ನಿಮ್ಮ ವ್ಯಾನ್ ಎಲ್ಲಿ?" ಎಂದು ಕೇಳಿತು. ಅವನು ತಲೆ ತಗ್ಗಿಸಿ, "ನನ್ನಿಂದ ತಪ್ಪಾಯ್ತು ಪುಟ್ಟಿ" ಎಂದ. ತಾಯಿ ನಗಲಿಲ್ಲ. ಮಗುವನ್ನು ಹಿಂದಕ್ಕೆ ಎಳೆದುಕೊಳ್ಳಲೂ ಇಲ್ಲ. ಹಾಲು ತೆಗೆದುಕೊಂಡು ಅವನು ಅದೇ ನೆಟ್ಟ ದಾರಿಯಲ್ಲಿ ಮನೆಗೆ ಬಂದ.

ಓದುತ್ತಿರುವ ತಮ್ಮಂದಿರೇ, ತಂಗಿಯರೇ, ಸಂದರ್ಶನಕ್ಕೆ ಹೋಗುವ ಮುಂಚೆ ದಾಖಲೆ ಜೋಡಿಸಿಕೊಳ್ಳಿ, ಹಿಂದಿನ ದಿನವೇ ಜಾಗ ನೋಡಿ ಬನ್ನಿ. ಆದರೆ ಎಲ್ಲಕ್ಕಿಂತ ಮೊದಲು, ಯಾವ ಪ್ರಶ್ನೆ ನೆನೆದರೆ ನಿಮ್ಮ ಕಿವಿ ಸುಡುತ್ತದೋ ಅದಕ್ಕೆ ಉತ್ತರ ಸಿದ್ಧ ಮಾಡಿಕೊಳ್ಳಿ. ಕೆಲಸ ಹೋಗಿರಬಹುದು, ಪರೀಕ್ಷೆಯಲ್ಲಿ ಬಿದ್ದಿರಬಹುದು, ವರ್ಷಗಟ್ಟಲೆ ಮನೆಯಲ್ಲೇ ಇದ್ದಿರಬಹುದು. ಇದ್ದದ್ದನ್ನು ಚಿಕ್ಕದಾಗಿ ಹೇಳಿ, ಈಗ ಏನು ಮಾಡುತ್ತೀರಿ ಎಂಬುದನ್ನೂ ಹೇಳಿ. ಒಂದು ಬಾಗಿಲು ಮುಚ್ಚಿದರೂ ಇನ್ನೊಂದು ಕಡೆ ಅದೇ ಮಾತು ಹೇಳಬಹುದು. ಸುಳ್ಳಾದರೆ ಯಾರಿಗೆ ಏನು ಹೇಳಿದೆವೆಂದು ನೆನಪಿಟ್ಟುಕೊಳ್ಳಬೇಕು.

ಮನೆಯವರೇ, ನಿಮ್ಮ ಮನೆಯಲ್ಲೂ ತಲೆ ತಗ್ಗಿಸಿ ಹಿಂದಿನ ಗಲ್ಲಿ ಸುತ್ತುವವರು ಒಬ್ಬರಿರಬಹುದು. ಈ ಸಂಜೆ ಅವರೆದುರು ಒಂದು ಸ್ಟೂಲ್ ಹಾಕಿಕೊಂಡು ಕೂತು ಪ್ರಶ್ನೆ ಕೇಳಿ. ಅವರು ಹೇಳಿ ಮುಗಿಸುವವರೆಗೆ ಎದ್ದು ಹೋಗಬೇಡಿ.